ಕೀ-ಜೆಡ್ ಓಡಿಹೋದ ದಿನ

ಹಾಸನದ ಕಾಲೇಜಿನ ನಮ್ಮ ಮೈಕ್ರೋಬಯಾಲಜಿ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಯಾರೂ ಬರೀ ‘ಓಂ ಶಾಂತಿ’ ಹಾಕಿ ಸುಮ್ಮನಾಗಲಿಲ್ಲ. ತಡರಾತ್ರಿಯವರೆಗೂ ಒಬ್ಬೊಬ್ಬರದು ಒಂದೊಂದು ಕಥೆ. ಮಾತು ಕೊನೆಗೆ ಬಂದು ನಿಂತಿದ್ದು ಕೀಮೋಟ್ಯಾಕ್ಸಿಸ್, ಅಂದರೆ ಬ್ಯಾಕ್ಟೀರಿಯಾ ರಾಸಾಯನಿಕಗಳ ಜಾಡು ಹಿಡಿದು ಹೋಗುವುದರ ಪಾಠದ ಹತ್ತಿರ. ಬಿ.ಎಸ್ಸಿ.ಯಲ್ಲಿ ಓದಿದ್ದು ಮುಕ್ಕಾಲು ಪಾಲು ಮರೆತುಹೋಗಿದೆ. ಆ ಪಾಠ ಮಾತ್ರ ಯಾರಿಗೂ ಮರೆತಿಲ್ಲ.

ಮೇಷ್ಟ್ರು ಬಂದವರೇ ನೋಟ್ಸ್ ಹೇಳಿ ಬರೆಸುವವರಲ್ಲ. ಮೊದಲು ಲ್ಯಾಬಿನಲ್ಲಿ ಹ್ಯಾಂಗಿಂಗ್ ಡ್ರಾಪ್ ಹಾಕಿಸಿ, ಅಂದರೆ ಗಾಜಿಗೆ ಒಂದು ಹನಿ ನೇತುಹಾಕಿಸಿ, ಮೈಕ್ರೋಸ್ಕೋಪಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ತೋರಿಸಿದರು. ಸ್ವಲ್ಪ ಹೊತ್ತು ನೇರಕ್ಕೆ ಈಜುತ್ತೆ, ಗಿರ್ರನೆ ಉರುಳುತ್ತೆ, ಮತ್ತೆ ಇನ್ನೆಲ್ಲಿಗೋ ಹೊರಡುತ್ತೆ.

“ಎರಡು ಮೈಕ್ರಾನ್ ಉದ್ದದ ಜೀವ ಕಣ್ರೋ. ಮೂಗಿಲ್ಲ, ಮಿದುಳಿಲ್ಲ. ಆದ್ರೂ ಊಟ ಇರೋ ಕಡೆಗೇ ಹೋಗುತ್ತಲ್ಲ, ಹೇಗೆ?”

1960ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೂಲಿಯಸ್ ಆಡ್ಲರ್ ಇದೇ ಪ್ರಶ್ನೆ ಹಿಡಿದು ಕೂತಿದ್ದು, 1971ರ ಹೊತ್ತಿಗೆ ಹೊವರ್ಡ್ ಬರ್ಗ್ ಒಂದೊಂದೇ ಬ್ಯಾಕ್ಟೀರಿಯಾದ ಬೆನ್ನು ಹತ್ತುವ ಮೈಕ್ರೋಸ್ಕೋಪ್ ಕಟ್ಟಿದ್ದು, ಎಲ್ಲವನ್ನೂ ಪಕ್ಕದ ಬೀದಿಯವರ ಸುದ್ದಿಯ ಹಾಗೆ ಹೇಳಿದರು. ಆಮೇಲೆ ನಮ್ಮನ್ನು ಕಾರಿಡಾರಿಗೆ ಕರೆದು ಪಾತ್ರ ಹಂಚಿದರು.

ಎಲ್ಲವೂ ಬ್ಯಾಕ್ಟೀರಿಯಾದೊಳಗೆ ಸುದ್ದಿ ಸಾಗಿಸುವ ಪ್ರೋಟೀನ್‌ಗಳ ಪಾತ್ರ. ನಾನು ಟಾರ್, ಅಂದರೆ ಪೊರೆಯಲ್ಲಿ ಕೂತು ಆಸ್ಪಾರ್ಟೇಟ್ ಅನ್ನುವ ಅಮೈನೋ ಆಮ್ಲ, ಅದರ ಊಟ, ಬಂತಾ ಅಂತ ಕಾಯುವ ಗ್ರಾಹಕ. ನನ್ನ ಪಕ್ಕದಲ್ಲಿ ಕೀ-ಡಬ್ಲ್ಯೂ. ಅವನ ಕೈ ಹಿಡಿದು ಕೀ-ಎ, ಮುಷ್ಟಿಯಲ್ಲಿ ಸೀಮೆಸುಣ್ಣದ ತುಂಡುಗಳು. ಸೀಮೆಸುಣ್ಣವೇ ಫಾಸ್ಫೇಟ್. ಕೀ-ಎ ಕೊಟ್ಟ ತುಂಡನ್ನು ಕೀ-ವೈ ತೆಗೆದುಕೊಂಡು ಕಾರಿಡಾರಿನ ಕೊನೆಯಲ್ಲಿದ್ದ ಮೋಟರಿನ, ಅಂದರೆ ಬ್ಯಾಕ್ಟೀರಿಯಾದ ಈಜುವ ಬಾಲ ತಿರುಗಿಸುವ ಯಂತ್ರದ, ಹುಡುಗನನ್ನು ಹೋಗಿ ಮುಟ್ಟಬೇಕು. ಮುಟ್ಟಿದರೆ ಮೋಟರ್ ಗಡಿಯಾರದ ದಿಕ್ಕಿಗೆ ತಿರುಗುತ್ತೆ, ಬ್ಯಾಕ್ಟೀರಿಯಾ ಉರುಳುತ್ತೆ. ನನ್ನ ಕೈಗೆ ಕಡಲೆಮಿಠಾಯಿ ಬಂದರೆ, ಅಂದರೆ ಆಸ್ಪಾರ್ಟೇಟ್ ಸಿಕ್ಕರೆ, ಕೀ-ಎ ಕೊಡುವುದನ್ನು ನಿಲ್ಲಿಸಬೇಕು. ಆಗ ಮೋಟರ್ ಉಲ್ಟಾ ತಿರುಗಿ ಈಜು ನೇರ. ನನ್ನ ತೋಳಿಗೆ ಕೀ-ಆರ್ ಬಟ್ಟೆ ಕ್ಲಿಪ್ ಸಿಗಿಸುವುದು, ಕೀ-ಬಿ ಕಿತ್ತುಹಾಕುವುದು. ಅವು ಮೀಥೈಲ್ ಗುಂಪುಗಳು, ಗ್ರಾಹಕಕ್ಕೆ ಅಂಟುವ ಪುಟ್ಟ ರಾಸಾಯನಿಕ ತುಣುಕುಗಳು. ಕೆಲವು ಸೆಕೆಂಡು ಹಿಂದೆ ಎಷ್ಟು ಊಟ ಇತ್ತು ಅನ್ನುವ ನೆನಪು ಆ ಕ್ಲಿಪ್ಪುಗಳಲ್ಲೇ ಇರುತ್ತೆ. ಅಷ್ಟು ಚಿಕ್ಕ ಮೈಗೆ ಹಿಂದೆ ಮುಂದಿನ ವ್ಯತ್ಯಾಸ ಗೊತ್ತಾಗಲ್ಲ, ಅದಕ್ಕೇ ಆಗಿನದಕ್ಕೂ ಈಗಿನದಕ್ಕೂ ಹೋಲಿಸಿ ನೋಡುತ್ತೆ. ಇದನ್ನು ಮೇಷ್ಟ್ರು ನನ್ನ ತೋಳು ಹಿಡಿದು ಕ್ಲಿಪ್ ತೋರಿಸಿ ಹೇಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಕೀ-ಜೆಡ್ ಪಾತ್ರ ಅರಕಲಗೂಡಿನ ನಮ್ಮ ಗೆಳೆಯನದು. ಕೀ-ವೈ ಕೈಯಿಂದ ಸೀಮೆಸುಣ್ಣ ಕಿತ್ತುಕೊಳ್ಳುವುದಷ್ಟೇ ಕೆಲಸ. ಮೇಷ್ಟ್ರು ಅತ್ತ ತಿರುಗಿದ್ದೇ ತಡ, ಅವನು ಕಡಲೆಮಿಠಾಯಿ ಪೊಟ್ಟಣದ ಸಮೇತ ಕ್ಯಾಂಟೀನಿಗೆ ಪರಾರಿ! ನಮಗೆಲ್ಲ ಮೊದಲೇ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೀ-ವೈ ಸೀಮೆಸುಣ್ಣ ಹಿಡಿದು ಮೋಟರಿಗೆ ಅಂಟಿಕೊಂಡೇ ನಿಂತ. ಮೋಟರಿನ ಹುಡುಗ ಸುತ್ತಿ ಸುತ್ತಿ ತಲೆ ತಿರುಗಿ ಗೋಡೆಗೆ ಒರಗಿದ.

ಬೈಗುಳ ಗ್ಯಾರಂಟಿ ಅಂದುಕೊಂಡೆವು. ಮೇಷ್ಟ್ರು ಜೋರಾಗಿ ನಕ್ಕರು. “ನೋಡಿ, ಇದೇ ಕೀ-ಜೆಡ್ ಇಲ್ಲದ ಮ್ಯುಟೆಂಟ್. ಉರುಳ್ತಾನೇ ಇರುತ್ತೆ, ಎಲ್ಲಿಗೂ ಹೋಗಲ್ಲ. ಆದ್ರೆ ಫಾಸ್ಫೇಟ್ ತಾನಾಗೇ ಬಿದ್ದುಹೋಗಲ್ವಾ?” ಎಂದರು. ಬೀಳುತ್ತೆ ಸರ್, ಆದರೆ ತುಂಬಾ ನಿಧಾನ, ಅಷ್ಟರಲ್ಲಿ ಕೀ-ಎ ಇನ್ನೊಂದು ಕೊಟ್ಟಿರುತ್ತೆ ಎಂದೆ. ಉತ್ತರ ಹೇಳಿದ್ದು ನಾನೊಬ್ಬಳೇ. ಅವರು “ಭೇಷ್” ಅಂದರು. ಎಂ.ಎಸ್ಸಿ. ಮಾಡುವ ಧೈರ್ಯ ನನಗೆ ಬಂದಿದ್ದು ಅವತ್ತೇ. ಈಗ ಬೆಂಗಳೂರಿನ ಲ್ಯಾಬೊಂದರಲ್ಲಿ ಹೊಸಬರಿಗೆ ತರಬೇತಿ ಕೊಡುವಾಗ ನಾನೂ ಮೊದಲು ಪ್ರಶ್ನೆ ಕೇಳುತ್ತೇನೆ, ಆಮೇಲೆ ಸ್ಲೈಡ್ ತೋರಿಸುತ್ತೇನೆ. ಅವರಲ್ಲಿ ಇಬ್ಬರು ಪಿಎಚ್‌.ಡಿ.ಗೆ ಸೇರಿದ್ದಾರೆ ಅನ್ನೋದು ನನಗೆ ಹೆಮ್ಮೆ.

ನನ್ನ ಮಗಳಿಗೆ ಇದೇ ಪಾಠ ಪಿಡಿಎಫ್ ಆಗಿ ಫೋನಿಗೆ ಬಂತು. ಏಳು ಪ್ರೋಟೀನ್, ಏಳು ಹೆಸರು, ನಾಲ್ಕು ಆಯ್ಕೆಯ ಪ್ರಶ್ನೆಗಳು. ಅವಳಿಗೆ ಅಂಕ ಜಾಸ್ತಿಯೇ ಬಂತು. ಬ್ಯಾಕ್ಟೀರಿಯಾ ಯಾಕೆ ಉರುಳುತ್ತೆ ಅಂತ ಕೇಳಿದರೆ ಗೊತ್ತಿರಲಿಲ್ಲ. ಅವಳದೇನೂ ತಪ್ಪಿಲ್ಲ, ಈಗಿನ ಲೆಕ್ಚರರುಗಳಿಗೂ ಸಿಲಬಸ್ ಮುಗಿಸುವ ಅವಸರ. ಆದರೂ ಬೇಜಾರಾಗುತ್ತೆ.

ವಿಭಾಗದವರಲ್ಲಿ ಒಂದು ಕೋರಿಕೆ. ಕಾರಿಡಾರ್ ಹಾಗೇ ಇದೆ ಅಂತ ಕೇಳಿದ್ದೇನೆ. ವರ್ಷಕ್ಕೆ ಒಂದು ಸಲ, ಮೇಷ್ಟ್ರ ಹೆಸರಿನಲ್ಲಿ, ಈ ಪಾಠವನ್ನು ಹಾಗೇ ಆಡಿಸಿ. ಯಾವ ಶನಿವಾರವಾದರೂ ಸರಿ, ನಾನು ಹಾಸನಕ್ಕೆ ಬರುತ್ತೇನೆ. ಅರಕಲಗೂಡಿನ ಗೆಳೆಯನೂ ಒಪ್ಪಿದ್ದಾನೆ.