ಪೆಟ್ಟಿಗೆ ಚರಕ, ಮೊಳೆ ಮಗ್ಗ, ಕ್ರೋಶಾ ಕಡ್ಡಿ: ಇಲ್ಲಿಯವರೆಗೆ ಆಗಿದ್ದು

ಏಪ್ರಿಲ್, ಮೇ

ಪುಣೆಯ ಬೇಸಿಗೆ ನೂಲುವವರಿಗೆ ಹೇಳಿ ಮಾಡಿಸಿದ್ದಲ್ಲ. ಒಣ ಗಾಳಿಗೆ ಅರಳೆಯ ಎಳೆಗಳು ಕೆದರಿಕೊಂಡು ನಿಲ್ಲುತ್ತವೆ, ನೂಲು ಮಾತೆತ್ತಿದರೆ ಹರಿಯುತ್ತದೆ. ಮುಂಬೈಯಲ್ಲಿ 1850ರ ದಶಕದಿಂದ ಹತ್ತಿ ಗಿರಣಿಗಳು ಬೇರೂರಿದ್ದಕ್ಕೆ ಬಂದರು, ಬಂಡವಾಳದ ಜೊತೆಗೆ ಅಲ್ಲಿನ ತೇವದ ಗಾಳಿಯೂ ಒಂದು ಕಾರಣ. ಘಟ್ಟ ಹತ್ತಿ ಬಂದವರಿಗೆ ಆ ಸೌಕರ್ಯ ಇಲ್ಲ. ಹಾಗಾಗಿ ಕರ್ವೆ ನಗರದ ನಮ್ಮ ಮನೆಯಲ್ಲಿ ಬೆಳಗ್ಗೆ ಗಿಡಗಳಿಗೆ ನೀರು ಹಾಕಿ, ಬಾಲ್ಕನಿ ಇನ್ನೂ ಒದ್ದೆ ಇರುವಾಗಲೇ ಕೂತು ನೂಲುತ್ತೇನೆ. ಫ್ಯಾನ್ ಬಂದ್. ಇಲ್ಲದಿದ್ದರೆ ಹಂಜಿ, ಅಂದರೆ ನೂಲಲು ಸುತ್ತಿಟ್ಟ ಅರಳೆಯ ಸುರುಳಿ, ಅಡುಗೆಮನೆವರೆಗೂ ಹಾರಿ ಹೋಗುತ್ತದೆ.

ನನ್ನದು ಪೆಟ್ಟಿಗೆ ಚರಕ. ಇದು ಇದೇ ಊರಿನ ಕೂಸು. 1930ರ ಸುಮಾರಿಗೆ ಗಾಂಧೀಜಿ ಯರವಡಾ ಜೈಲಿನಲ್ಲಿದ್ದಾಗ ರೂಪುಗೊಂಡಿದ್ದು, ಅದಕ್ಕೇ ಯರವಡಾ ಚರಕ ಅಂತಲೂ ಕರೆಯುತ್ತಾರೆ. ಮುಚ್ಚಿದರೆ ಕೈಯಲ್ಲಿ ಹಿಡಿದುಕೊಂಡು ಬಸ್ ಹತ್ತಬಹುದು. ತೆರೆದರೆ ಎರಡು ಚಕ್ರ, ಒಂದು ಕದಿರು, ಅಂದರೆ ನೂಲು ಸುತ್ತಿಕೊಳ್ಳುವ ಚೂಪು ಕಡ್ಡಿ. ದೊಡ್ಡ ಚಕ್ರ ಚಿಕ್ಕದನ್ನು ತಿರುಗಿಸುತ್ತದೆ, ಚಿಕ್ಕದು ಕದಿರನ್ನು. ಕೈ ಒಂದು ಸುತ್ತು ತಿರುಗುವಷ್ಟರಲ್ಲಿ ಕದಿರು ಹತ್ತಾರು ಸುತ್ತು ಹಾಕಿರುತ್ತದೆ. ಜೈಲಿನ ಕೋಣೆಗಿಂತ ನಮ್ಮ ಫ್ಲಾಟಿನ ಬಾಲ್ಕನಿ ದೊಡ್ಡದೇನಲ್ಲ, ಹಾಗಾಗಿ ವಿನ್ಯಾಸ ಇಲ್ಲಿಗೂ ಸರಿಯಾಗಿಯೇ ಹೊಂದುತ್ತದೆ.

ಬಲಗೈ ಚಕ್ರದ ಮೇಲೆ, ಎಡಗೈಯಲ್ಲಿ ಹಂಜಿ. ಹೆಬ್ಬೆರಳು, ತೋರುಬೆರಳು ಹಂಜಿಯನ್ನು ಹಿಡಿದೂ ಹಿಡಿಯದ ಹಾಗೆ ಇರಬೇಕು. ಎಡಗೈ ನಿಧಾನ ಹಿಂದೆ ಸರಿದ ಹಾಗೆ ಎಳೆ ತೆಳುವಾಗುತ್ತಾ ಬರುತ್ತದೆ. ಕದಿರಿನ ತುದಿಯಿಂದ ಪ್ರತಿ ಸುತ್ತಿಗೂ ನೂಲು ಜಾರಿ ಸಣ್ಣಗೆ ಟಿಕ್ ಅನ್ನುತ್ತದೆ. ಆ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಎಲ್ಲ ಸರಿ ಇದೆ ಅಂತ ಅರ್ಥ. ದಪ್ಪ ಗಂಟು ಬಂದರೆ ತಿರುವು ಅದನ್ನು ಬಿಟ್ಟು ಪಕ್ಕದ ತೆಳು ಜಾಗಕ್ಕೇ ಓಡುತ್ತದೆ. ಅಲ್ಲೇ ನಿಲ್ಲಿಸಿ, ಗಂಟಿನ ಎರಡೂ ಬದಿ ಹಿಡಿದು ತಿರುವು ಸ್ವಲ್ಪ ಬಿಚ್ಚಿ ಎಳೆದರೆ ಅದೂ ಸರಿಹೋಗುತ್ತದೆ.

ಅರಳೆ ಧಾರವಾಡದ ಕಡೆಯಿಂದ ತರಿಸಿದ್ದು, ಜಯಧರ. ನಮ್ಮ ಕಡೆಯ ಕಪ್ಪು ನೆಲದಲ್ಲಿ ಮಳೆ ನಂಬಿ ಬೆಳೆಯುವ ದೇಸಿ ಹತ್ತಿ. ಎಳೆ ಗಿಡ್ಡ. ಎಳೆ ಗಿಡ್ಡ ಆದಷ್ಟೂ ತಿರುವು ಜಾಸ್ತಿ ಬೇಕು, ಇಲ್ಲದಿದ್ದರೆ ಒಂದರಿಂದೊಂದು ಜಾರಿಹೋಗುತ್ತವೆ. ಉದ್ದ ಎಳೆಯ ಹತ್ತಿಯಲ್ಲಿ ನೂಲುವುದು ಸಲೀಸು, ನಿಜ. ಆದರೆ ಜಯಧರದ ನೂಲು ಮುಟ್ಟಿದರೆ ಸ್ವಲ್ಪ ಒರಟು, ಕೈ ಒರೆಸಿದರೆ ನೀರು ಚೆನ್ನಾಗಿ ಹೀರುತ್ತದೆ. ನನಗೆ ಬೇಕಿದ್ದಿದ್ದೇ ಕೈ ಒರೆಸುವ ಬಟ್ಟೆ.

ಜೂನ್

ಮಗ್ಗ ಅಂದರೆ ದೊಡ್ಡದೇನೂ ಅಲ್ಲ. ಬಡಗಿಯ ಹತ್ತಿರ ಉಳಿದಿದ್ದ ಸಾಗವಾನಿ ಪಟ್ಟಿಯ ಚೌಕಟ್ಟು, ಮೇಲೆ ಕೆಳಗೆ ಅರ್ಧ ಸೆಂಟಿಮೀಟರಿಗೊಂದು ಮೊಳೆ. ಹೊಕ್ಕು, ಅಂದರೆ ಅಡ್ಡ ಎಳೆ, ಬಡಿದು ಕೂರಿಸಲು ಅಗಲ ಹಲ್ಲಿನ ಬಾಚಣಿಗೆ.

ಉದ್ದಕ್ಕೆ ಹೋಗುವ ಹಾಸಿನ ಎಳೆಗಳಿಗೆ ಅಂಗಡಿಯ ಗಿರಣಿ ನೂಲು, ಹೊಕ್ಕಿಗೆ ನನ್ನ ನೂಲು. ಎರಡೂ ಕೈನೂಲೇ ಇರಬೇಕು ಅನ್ನುವ ಹಟ ನನಗಿಲ್ಲ. ಹಾಸು ಇಡೀ ದಿನ ಬಿಗಿಯಾಗಿ ಎಳೆದುಕೊಂಡೇ ಇರಬೇಕು, ಹೊಕ್ಕು ಸುಮ್ನೆ ಅಡ್ಡ ಹೋಗುತ್ತದೆ. ಕಷ್ಟದ ಕೆಲಸಕ್ಕೆ ಗಟ್ಟಿ ನೂಲು, ಅಷ್ಟೇ. ಸಾಬರಮತಿ ಆಶ್ರಮದಲ್ಲೂ ಮಗ್ಗ ಮೊದಲು ಬಂತು, ರಾಟೆ ಆಮೇಲೆ. ಶುರುವಿನಲ್ಲಿ ಅವರು ನೇಯುತ್ತಿದ್ದಿದ್ದು ಗಿರಣಿ ನೂಲಿನಲ್ಲೇ. ಗಾಂಧೀಜಿಗಾಗಿ ರಾಟೆ ಹುಡುಕಲು ಹೊರಟ ಗಂಗಾಬೆನ್ ಮಜುಮ್‌ದಾರ್ ಊರೂರು ಅಲೆದು, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ರಾಟೆಗಳನ್ನು ಕಂಡುಹಿಡಿದ ಮೇಲೆ ಕೈನೂಲಿನ ಮಾತು.

ನಮ್ಮ ಅತ್ತೆಯ ತವರು ಗುಳೇದಗುಡ್ಡ. ರವಿಕೆಯ ಖಣ ನೇಯುವ ಮನೆಗಳ ನಡುವೆ ಬೆಳೆದವರು. ವಿಡಿಯೋ ಕಾಲ್‌ನಲ್ಲಿ ನನ್ನ ಮೊಳೆ ಮಗ್ಗ ನೋಡಿ ನಕ್ಕರು. ಆಮೇಲೆ ಫೋನ್ ಹತ್ತಿರ ತರಿಸಿ, "ಹಾಸಿನ ಮ್ಯಾಲೆ ಬೆರಳು ಆಡಿಸವ್ವಾ, ಸದ್ದು ಕೇಳೂಣು" ಅಂದರು. ಆಡಿಸಿದೆ. "ಎಡಕ ಸಡ್ಲ ಐತಿ ನೋಡು, ಮತ್ತೊಮ್ಮೆ ಬಿಗಿ." ಮುಟ್ಟಿ ನೋಡದೇ ಹೇಗೆ ಹೇಳಿದರೋ! ಎಡಗಡೆಯ ನಾಲ್ಕೈದು ಎಳೆ ನಿಜವಾಗಿಯೂ ಸಡಿಲ ಇದ್ದವು. ಇನ್ನೊಂದು ಸಲಹೆಯೂ ಕೊಟ್ಟರು: ಹೊಕ್ಕನ್ನು ನೇರ ಎಳೆಯಬೇಡ, ಬಿಲ್ಲಿನ ಹಾಗೆ ಬಾಗಿಸಿ ಬಿಟ್ಟು ಆಮೇಲೆ ಬಡಿ. ಹಾಗೆ ಮಾಡಿದಾಗಿನಿಂದ ಬಟ್ಟೆಯ ನಡು ಒಳಗೆ ಸೊರಗುವುದು ನಿಂತಿದೆ.

ಜುಲೈ

ಜಿಟಿಜಿಟಿ ಮಳೆ. ನೂಲು ಬೆಣ್ಣೆ! ಏಪ್ರಿಲ್‌ನಲ್ಲಿ ಹರಿಯುತ್ತಿದ್ದ ಅದೇ ಹಂಜಿ ಈಗ ತೋಳುದ್ದ ಬರುತ್ತದೆ. ತೊಂದರೆ ಅಂದರೆ ಒಣಗಿಸುವುದು. ಹೊಸ ನೂಲಿನ ತಿರುವು ಕೂರಬೇಕಾದರೆ ಲಡಿಯನ್ನು (ಸುತ್ತಿ ಕಟ್ಟಿದ ನೂಲಿನ ಕಂತೆಯನ್ನು) ಬಿಸಿನೀರಲ್ಲಿ ಕುದಿಸಿ, ಸ್ವಲ್ಪ ಭಾರ ಕಟ್ಟಿ ನೇತುಹಾಕಬೇಕು. ಈ ಹವೆಯಲ್ಲಿ ಅದು ಒಣಗುವ ಲಕ್ಷಣವೇ ಇಲ್ಲ, ಮುಗ್ಗಲು ವಾಸನೆ ಬರುತ್ತದೆ. ಈಗ ಇಡ್ಲಿ ಪಾತ್ರೆಯಲ್ಲಿ ಆವಿ ಮಾತ್ರ ಕೊಡುತ್ತಿದ್ದೇನೆ. ತಿರುವು ಕೂರುತ್ತದೆ, ನೀರು ಕುಡಿಯುವುದಿಲ್ಲ. ಮನೆಯವರಿಗೆ ಇಡ್ಲಿ ಇಲ್ಲದ ಪಾತ್ರೆ ನೋಡಿ ಬೇಜಾರು.

ಆಗಸ್ಟ್

ಬಟ್ಟೆ ಮುಗಿಯಿತು, ಅಂಚಿಗೆ ಕ್ರೋಶಾ ಹಾಕೋಣ ಅಂತ ತುಳಶಿಬಾಗಿನ ಪೇಟೆಗೆ ಹೋಗಿ 2.5 ಮಿಲಿಮೀಟರ್ ಕಡ್ಡಿ ತಂದೆ. ಕ್ರೋಶಾ ನನಗೆ ಹಳೆಯದು. ನಮ್ಮ ಕಡೆ ಟಿವಿ ಮೇಲೆ, ಕುರ್ಚಿ ಬೆನ್ನಿಗೆ, ಬಾಗಿಲ ತೋರಣಕ್ಕೆ ಎಲ್ಲ ಇದೇ ಇರುತ್ತಿತ್ತಲ್ವಾ. ಆಗ ಅದನ್ನು ನೋಡಿ ಮೂಗು ಮುರಿದಿದ್ದವರು ಈಗ ಅದೇ ತೋರಣಕ್ಕೆ ದುಡ್ಡು ಕೊಡುತ್ತಿದ್ದಾರೆ, ಇರಲಿ. ನಿಜವಾದ ಕ್ರೋಶಾ ಹೆಣೆಯುವ ಮಷೀನ್ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಕ್ರೋಶಾ ಟಾಪ್ ಕೂಡ ಯಾರದೋ ಕೈ ಹೆಣೆದದ್ದು, ಇಲ್ಲವಾದರೆ ಕ್ರೋಶಾದ ಹಾಗೆ ಕಾಣುವ ಬೇರೆ ಹೆಣಿಗೆ.

ಕೈನೂಲಿನಲ್ಲಿ ಹೆಣೆಯಲು ಕೂತಾಗ ಒಂದು ಸಂಗತಿ ಕಾಣಿಸಿತು. ಬಲಗೈಯಲ್ಲಿ ಹೆಣೆಯುವಾಗ ಕಡ್ಡಿಗೆ ದಾರ ಸುತ್ತಿದಷ್ಟೂ ಮಾಮೂಲಿ ಎರಡೆಳೆ ಹುರಿ (ಎರಡು ನೂಲು ಸೇರಿಸಿ ತಿರುಚಿದ ದಾರ) ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಕೊಕ್ಕೆ ಒಂದೆಳೆಯನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ. ನೇಯ್ಗೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಅಂಚಿನ ನೂಲನ್ನು ಬೇರೆಯೇ ಮಾಡಿದೆ: ಚಕ್ರ ಉಲ್ಟಾ ತಿರುಗಿಸಿ ನೂತು, ಹುರಿ ಮಾಡುವಾಗ ಸೀದಾ ತಿರುಗಿಸಿದೆ. ಈಗ ಹೆಣೆದಷ್ಟೂ ಹುರಿ ಬಿಗಿಯಾಗುತ್ತದೆ, ಅಂಚಿನ ಕಮಾನುಗಳು ಗಟ್ಟಿಯಾಗಿ ನಿಲ್ಲುತ್ತವೆ. ಅಂಗಡಿಯ ದಾರದಲ್ಲಿ ಇದನ್ನೆಲ್ಲ ಯಾರೋ ತೀರ್ಮಾನ ಮಾಡಿಟ್ಟಿರುತ್ತಾರೆ. ನೂಲುವ ಹವ್ಯಾಸದಲ್ಲಿ ನನಗೆ ಜಾಸ್ತಿ ಖುಷಿ ಕೊಡುವುದು ಇದೇ: ಕೆಲಸ ನೋಡಿ ನೂಲು, ನೂಲು ನೋಡಿ ಕೆಲಸ ಅಲ್ಲ.

ಮುಂದೆ

ಹಾಸಿಗೂ ನನ್ನದೇ ನೂಲು, ಈಗಿನದಕ್ಕಿಂತ ತಿರುವು ಜಾಸ್ತಿ, ಎರಡೆಳೆ. ಹುರಿ ಮಾಡಿದ ಮೇಲೂ ಗಂಜಿ ಬೇಕಾಗಬಹುದು. ಕುರುಬರು ಕಂಬಳಿಯ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಹತ್ತಿಗೆ ಅಕ್ಕಿ ಗಂಜಿ ಸಾಕು ಅಂತ ಅತ್ತೆ ಹೇಳುತ್ತಾರೆ. ಎರಡನ್ನೂ ಒಂದೊಂದು ಲಡಿಗೆ ಹಚ್ಚಿ ನೋಡುತ್ತೇನೆ, ಅದೂ ಮಳೆ ನಿಂತ ಮೇಲೆ. ಅಲ್ಲಿಯವರೆಗೆ ದಿನಾ ಒಂದಿಷ್ಟು ನೂಲುವುದು, ಲಡಿ ಕಟ್ಟಿಡುವುದು. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು ಪುಡಿ ಮಾಡುವ ಅಳತೆ ಗೊತ್ತಿದ್ದವರು ಯಾರಾದರೂ ಇದ್ದರೆ ತಿಳಿಸಿ.