ಚಪ್ಪಟೆ ಊರಿನ ಮಾಡೆಲ್: ಐದು ವಾರದ ಲೆಕ್ಕ

ಮೊದಲ ವಾರ

ಕೊನೆಗೂ ಹಲಗೆ ಕೊಯ್ದೆ. ಮಾಡೆಲ್ ಮಾಡಲು ಹಿಡಿದಿರುವುದು ಇಂಗ್ಲೆಂಡಿನ ಕೆಂಟ್ ಕೌಂಟಿಯ ಫೇರ್‌ಫೀಲ್ಡ್. ರಾಮ್ನಿ ಮಾರ್ಷ್ ಎಂಬ ಜೌಗು ಬಯಲಿನ ಒಂದು ತುಂಡು ಇದು. ಒಂದು ಚರ್ಚಿನ ಸುಪರ್ದಿಗೆ ಬರುವ ಸೀಮೆಯನ್ನು ಅಲ್ಲಿ ಪ್ಯಾರಿಷ್ ಅನ್ನುತ್ತಾರೆ. ಈ ಪ್ಯಾರಿಷ್‌ನಲ್ಲಿ ಚರ್ಚಿದೆ, ಊರೇ ಇಲ್ಲ! ಹುಲ್ಲು, ಕಾಲುವೆ, ಕುರಿ. ಅಲ್ಲೊಂದು ಇಲ್ಲೊಂದು ತೋಟದ ಮನೆ.

80 ಸೆಂ.ಮೀ. ಚೌಕದ ಪ್ಲೈವುಡ್, ಅಳತೆ 1:5000. ಅಂದರೆ ಉದ್ದಕ್ಕೂ ಅಗಲಕ್ಕೂ 4 ಕಿ.ಮೀ. ನೆಲ. ಏರಿಳಿತವೋ, ಹೆಚ್ಚೆಂದರೆ ಎರಡು ಮೂರು ಮೀಟರ್. ಹಲಗೆಯ ಮೇಲೆ ಅದು ಬರೀ ಅರ್ಧ ಮಿಲಿಮೀಟರ್. ಪೇಂಟ್ ಸ್ವಲ್ಪ ದಪ್ಪ ಬಳಿದರೆ ಭೂಗೋಳವೇ ಮುಗಿಯಿತು. ಎತ್ತರವನ್ನು ಮಾತ್ರ ಹತ್ತು ಪಟ್ಟು ಹಿಗ್ಗಿಸಿದೆ.

ಮೂರನೇ ವಾರ

ಎರಡು ವಾರದ ಕೆಲಸ ಕಿತ್ತು ಹಾಕಿದೆ. ತಪ್ಪು ನನ್ನದೇ. ಸಮುದ್ರದ ಕಡೆ ತಗ್ಗು, ಒಳನಾಡಿನ ಕಡೆ ಎತ್ತರ ಅಂತ ಸುಮ್ನೆ ಊಹಿಸಿಕೊಂಡು ರಟ್ಟು ಅಂಟಿಸಿದ್ದೆ. ಎತ್ತರದ ನಕ್ಷೆ ತೆಗೆದು ನೋಡಿದರೆ ಉಲ್ಟಾ!

ಆಮೇಲೆ ಅರ್ಥವಾಯಿತು. ಒಡ್ಡು ಕಟ್ಟಿ ಸಮುದ್ರವನ್ನು ಹೊರಗಿಟ್ಟ ಮೇಲೆ ಆ ನೆಲಕ್ಕೆ ಹೊಸ ಹೂಳು ಬರುವುದಿಲ್ಲ. ನೀರು ಬಸಿದಷ್ಟೂ ಕುಗ್ಗುತ್ತದೆ. ಒಡ್ಡಿನಾಚೆ ಮಾತ್ರ ಪ್ರತಿ ಉಬ್ಬರಕ್ಕೂ ಹೂಳು ಕೂರುತ್ತಲೇ ಇರುತ್ತದೆ. ಎಷ್ಟೋ ವರ್ಷ ಬಿಟ್ಟು ಅದಕ್ಕೂ ಒಡ್ಡು ಕಟ್ಟಿದಾಗ ಹೊಸ ನೆಲವೇ ಎತ್ತರ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಿದ ಹಾಗೆ, ಇಲ್ಲಿ ಎತ್ತರ ನೋಡಿ ನೆಲದ ವಯಸ್ಸು ಹೇಳಬಹುದು. ಹೀಗೆ ನೆಲ ಗೆಲ್ಲುವುದಕ್ಕೆ ಅಲ್ಲಿನ ಮಾತು ‘ಇನ್ನಿಂಗ್’. ಕ್ರಿಕೆಟ್ಟಿನದಲ್ಲ! ಈ ಕೆಲಸದಲ್ಲಿ ಕ್ಯಾಂಟರ್ಬರಿಯ ಮಠದವರ ಕೈ ದೊಡ್ಡದು. ಫೇರ್‌ಫೀಲ್ಡ್ ಚರ್ಚಿಗೂ 1170ರಲ್ಲಿ ಕೊಲೆಯಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಹೆಸರೇ ಇದೆ.

ಹಲಗೆಯ ಈಶಾನ್ಯದಲ್ಲಿ ಕಣ್ಣಿಗೆ ಬೀಳುವ ಒಂದೇ ದಿಬ್ಬ ರೀ ವಾಲ್. 13ನೇ ಶತಮಾನದಲ್ಲಿ ಎರಡು ಒಡ್ಡುಗಳ ನಡುವೆ ನೀರು ಹರಿಸಿ, ನ್ಯೂ ರಾಮ್ನಿ ಬಂದರಿನ ಹೂಳು ತೊಳೆಯಲು ಮಾಡಿದ್ದು. 1287ರ ಬಿರುಗಾಳಿ ಆ ಲೆಕ್ಕವನ್ನೇ ಕೆಡಿಸಿತು. ರಾದರ್ ನದಿ ರಾಮ್ನಿ ಬಿಟ್ಟು ರೈ ಎಂಬ ಊರಿನ ಕಡೆ ಹೊರಟಿತು. ಬಂದರು ಹೋಯಿತು, ದಿಬ್ಬ ಉಳಿಯಿತು. ಈಗ ಅದರ ಮೇಲೆ ರಸ್ತೆ.

ನಾಲ್ಕನೇ ವಾರ

ಆ್ಯಶ್‌ಫರ್ಡ್‌ನಿಂದ ರೈಲು ಹಿಡಿದು ಆ್ಯಪಲ್‌ಡೋರ್‌ನಲ್ಲಿ ಇಳಿದು ನಡೆದೆ. ಚರ್ಚು ದೂರದಿಂದಲೇ ಕಾಣುತ್ತದೆ, ದಾರಿ ಮಾತ್ರ ಕಾಲುವೆ ಸುತ್ತಿ ಸುತ್ತಿ ಹೋಗುತ್ತದೆ. ಬೀಗದ ಕೈ ಹತ್ತಿರದ ತೋಟದ ಮನೆಯ ಗೋಡೆಗೆ ನೇತುಹಾಕಿರುತ್ತದೆ. ಹೊರಗೆ 18ನೇ ಶತಮಾನದ ಇಟ್ಟಿಗೆ, ಒಳಗೆ ಹಳೆಯ ಮರದ ಚೌಕಟ್ಟು. ಬಿಳಿ ಬಣ್ಣದ ಪೆಟ್ಟಿಗೆಯಂಥ ಬೆಂಚುಗಳು, ಮೂರು ಅಂತಸ್ತಿನ ಉಪದೇಶ ಪೀಠ. ಒಡ್ಡುದಾರಿ ಆಗುವ ಮುನ್ನ ಚಳಿಗಾಲದ ನೆರೆಯಲ್ಲಿ ಜನ ದೋಣಿಯಲ್ಲೋ ಕುದುರೆ ಮೇಲೋ ಪ್ರಾರ್ಥನೆಗೆ ಬರುತ್ತಿದ್ದರಂತೆ.

ಊರು ಯಾಕಿಲ್ಲ ಅನ್ನುವುದಕ್ಕೆ ಉತ್ತರ ಅರ್ಧ ಸೊಳ್ಳೆ, ಅರ್ಧ ಕುರಿ. ಮಲೇರಿಯಾ ಕಾಟಕ್ಕೆ ಅನುಕೂಲಸ್ಥರು ಗುಡ್ಡದ ಕಡೆ ಮನೆ ಮಾಡಿದರು. ಕುರಿ ನೋಡಲು ಕೂಲಿ ಆಳು ಇಟ್ಟರು. ಇವರನ್ನು ‘ಲುಕರ್’ ಅನ್ನುತ್ತಿದ್ದರು. ಕುರಿಗೆ ಜಾಸ್ತಿ ಜನ ಬೇಕಿಲ್ಲವಲ್ಲ.

ಐದನೇ ವಾರ

ಕಾಲುವೆಗಳನ್ನು ಸಣ್ಣ ಉಳಿಯಿಂದ ಕೆತ್ತಿದೆ. ಅಲ್ಲಿನವರು ಇವನ್ನು ‘ಸೂಯರ್’ ಅನ್ನುತ್ತಾರೆ, ಕೊಳಚೆಗೂ ಇದಕ್ಕೂ ಸಂಬಂಧವಿಲ್ಲ. ಕೆತ್ತಿದ ಗೆರೆಗೆ ನೀರಿನ ಹಾಗೆ ಕಾಣಲಿ ಅಂತ ಎಪಾಕ್ಸಿ ರೆಸಿನ್ (ಆಮೇಲೆ ಗಟ್ಟಿಯಾಗುವ ದ್ರವ) ಸುರಿದೆ. ರಾತ್ರಿ ರಟ್ಟಿನ ಒಡ್ಡಿನಡಿ ಸೋರಿ ಅರ್ಧ ಫೇರ್‌ಫೀಲ್ಡ್ ಮುಳುಗಿತ್ತು. ಬೆಳಿಗ್ಗೆ ನೋಡಿ ಹೆಂಡತಿ, “ಈಗ ಸರಿಯಾಗಿದೆ ಬಿಡಿ” ಅಂದಳು.

ಮೇಣ ಹಾಕಿ ಒಡ್ಡು ಮುಚ್ಚಿದ್ದೇನೆ. ಉಳಿದದ್ದು ಕುರಿ. ಗಸಗಸೆ ಅಂಟಿಸೋಣ ಅಂದುಕೊಂಡೆ. ಲೆಕ್ಕ ಹಾಕಿದರೆ ಒಂದೊಂದು ಕುರಿ 5 ಮೀಟರ್ ಉದ್ದ!