ಮಗಳ ಮೊಕದ್ದಮೆಯಲ್ಲಿ ನಮ್ಮ ಪಾತ್ರ

ಮಗಳು ಮೊಮ್ಮಗನನ್ನು ಕರೆದುಕೊಂಡು ತವರಿಗೆ ಬಂದು, ಅವನ ಸುಪರ್ದಿಗಾಗಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ನಾವು ಏನು ಮಾಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎಂಬುದನ್ನೇ ನಾನೂ ನನ್ನ ಯಜಮಾನರೂ ಹೆಚ್ಚು ಯೋಚಿಸಿದ್ದೇವೆ. ನಾವು ಮಗಳ ಬೆನ್ನಿಗೆ ನಿಲ್ಲಬೇಕು, ಆದರೆ ಮಗುವಿನ ತಂದೆಯ ಮೇಲೆ ಯುದ್ಧ ಹೂಡಬಾರದು. ಇವೆರಡೂ ಒಂದೇ ಎಂದು ಭಾವಿಸುವ ಬಂಧುಗಳೇ ಹೆಚ್ಚು.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ನಮ್ಮ ಮೊಮ್ಮಗ ಆ ವಯಸ್ಸನ್ನು ದಾಟಿದ್ದಾನೆ. ಇನ್ನು ಮಗುವಿನ ಹಿತವೇ ಮುಖ್ಯವಾಗಿ, ತಾಯಿ ಕೆಲಸಕ್ಕೆ ಹೋದಾಗ ಅವನನ್ನು ನೋಡಿಕೊಳ್ಳುವವರು ಯಾರು, ಶಾಲೆ ಎಷ್ಟು ಹತ್ತಿರ ಎಂಬ ಪ್ರಶ್ನೆಗಳೆಲ್ಲ ಬರುತ್ತವೆ. ಅಜ್ಜಿ ತಾತ ಮನೆಯಲ್ಲಿರುವುದು ಮಗಳಿಗೆ ನಿಜವಾದ ಬಲವಾಗುವುದು ಇಲ್ಲಿಯೇ. ವಕೀಲರ ಶುಲ್ಕಕ್ಕೆ ಪಿಂಚಣಿಯಿಂದ ಒಂದಿಷ್ಟು ಕೊಡುತ್ತೇವೆ, ನಿಜ. ಆದರೆ ವಕೀಲರೊಡನೆ ಮಾತನಾಡುವವಳು ಅವಳೇ.

1890ರ ಪೋಷಕರು ಮತ್ತು ಪಾಲಿತರ ಅಧಿನಿಯಮದಂತೆ, ತಿಳಿದು ಹೇಳಬಲ್ಲಷ್ಟು ಬೆಳೆದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಪರಿಗಣಿಸಬಹುದು. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ ವಿಷಯ, ಏಕೆಂದರೆ ಇಡೀ ದಿನ ಮಗುವಿನ ಜೊತೆ ಇರುವವರು ನಾವು. ಊಟಕ್ಕೆ ಕೂತಾಗ ನಾವಾಡುವ ಒಂದು ಮಾತು, ಫೋನಿನಲ್ಲಿ ತಂಗಿಯೊಡನೆ ನಾನು ಹೇಳಿಕೊಳ್ಳುವ ಒಂದು ಸಂಕಟ, ನಾಳೆ ಅವನ ಬಾಯಿಂದ ಅವನದೇ ಅಭಿಪ್ರಾಯವೆಂಬಂತೆ ಹೊರಬರಬಹುದು. ಹಾಗಾದರೆ ಅದು ಅವನಿಗೆ ನಾವು ಮಾಡಿದ ಅನ್ಯಾಯ. ಆದ್ದರಿಂದ ಅವನ ಎದುರು ಮೊಕದ್ದಮೆಯ ಸುದ್ದಿ ಎತ್ತುವುದಿಲ್ಲ. ತಂದೆಯನ್ನು ಕಂಡು ಬಂದ ದಿನ ಅಲ್ಲಿ ಏನು ನಡೆಯಿತೆಂದು ಕೆದಕುವುದಿಲ್ಲ, ಅವನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇವೆ.

ತಂದೆ ತಾಯಿ ಇಬ್ಬರ ಪ್ರೀತಿಗೂ ಮಗು ಹಕ್ಕುದಾರ, ಸುಪರ್ದಿ ಒಬ್ಬರಿಗೆ ಸಿಕ್ಕರೂ ಮತ್ತೊಬ್ಬರಿಗೆ ಸಾಕಷ್ಟು ಭೇಟಿಯ ಅವಕಾಶ ಇರಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. 2022ರಲ್ಲಿ, ಕೋವಿಡ್‌ನಲ್ಲಿ ಹೆತ್ತವರಿಬ್ಬರನ್ನೂ ಕಳೆದುಕೊಂಡ ಬಾಲಕನೊಬ್ಬನನ್ನು ಅದೇ ನ್ಯಾಯಾಲಯ ತಂದೆಯ ಕಡೆಯ ಅಜ್ಜ ಅಜ್ಜಿಗೆ ಒಪ್ಪಿಸಿತು. ಇದನ್ನು ತೋರಿಸಿ ನಿಮಗೂ ಹಕ್ಕಿದೆ ಎಂದು ನಮ್ಮನ್ನು ಹುರಿದುಂಬಿಸಿದವರಿದ್ದಾರೆ. ಆ ಮಗುವಿಗೆ ಹೆತ್ತವರಿರಲಿಲ್ಲ. ನಮ್ಮ ಮೊಮ್ಮಗನಿಗೆ ಇಬ್ಬರೂ ಇದ್ದಾರೆ, ಮತ್ತು ಇಬ್ಬರೂ ಅವನಿಗೆ ಬೇಕು.

ಬೀಗರ ವಿಷಯವನ್ನೂ ಹೇಳಬೇಕು. ಮಗನ ಸಂಸಾರ ಮುರಿದ ನೋವು ಅವರಿಗೂ ಇದೆ, ಮೊಮ್ಮಗ ಕಣ್ಣೆದುರು ಇಲ್ಲದ ನೋವೂ ಇದೆ. ಹಬ್ಬದ ದಿನ ಮಗುವಿನಿಂದ ಅವರಿಗೆ ವಿಡಿಯೊ ಕರೆ ಮಾಡಿಸುವುದಕ್ಕೆ ಮಗಳ ಒಪ್ಪಿಗೆ ಕೇಳಿಯೇ ಮಾಡಿಸುತ್ತೇನೆ. ಪ್ರಕರಣ ಈಗ ಮಧ್ಯಸ್ಥಿಕೆಗೆ ಹೋಗಿದೆ. ಒಳಗೆ ಮಗಳು ಅಳಿಯ ಇಬ್ಬರೇ ಕೂರುತ್ತಾರೆ, ನಾವು ಹೊರಗೆ ಕಾಯುತ್ತೇವೆ, ಅದು ಸರಿಯೂ ಹೌದು. ಬೇಸಿಗೆ ರಜೆಯ ಅರ್ಧವನ್ನು ಮಗು ತಮ್ಮ ಊರಿನಲ್ಲಿ ಕಳೆಯಲಿ ಎಂದು ಆ ಕಡೆಯವರು ಕೇಳಿದ್ದಾರೆ. ಕಳಿಸಿದರೆ ಹಿಂದಕ್ಕೆ ಕಳಿಸುವರೋ ಇಲ್ಲವೋ ಎಂಬ ಅಳುಕು ಮಗಳಿಗಿದೆ. ಹೋಗುವ ಬರುವ ದಿನಾಂಕಗಳನ್ನು ನ್ಯಾಯಾಲಯದ ಆದೇಶದಲ್ಲೇ ನಮೂದಿಸಿಕೊಂಡು ಒಪ್ಪಬಹುದೆಂದು ನಾವು ಹೇಳಿದ್ದೇವೆ. ಮುಂದಿನ ವಾಯಿದೆಗೆ ಮೊದಲು ತನ್ನ ನಿರ್ಧಾರವನ್ನು ಅವಳೇ ವಕೀಲರಿಗೆ ತಿಳಿಸುತ್ತಾಳೆ.